ಬಿದ್ದವನು ಏಳುವ ತನಕ

“ಏಟು ತಿಂದ ತಲೆಯನ್ನ ನಾನು ರಿಂಕಿನ ಆಚೆ ತುದಿಯಿಂದಲೇ ಗುರುತು ಹಿಡೀತೀನಿ. ಒಳಗೆ ಮಿದುಳು ಅಲ್ಲಾಡಿರುವಾಗ ನನ್ನೆದುರು ನೆಟ್ಟಗಿರೋ ಹಾಗೆ ನಟಿಸೋ ಗಂಡಸು ಈ ಪ್ರೇರಿ ಬಯಲಲ್ಲಿ ಇನ್ನೂ ಹುಟ್ಟಿಲ್ಲ. ಹೌದೋ ಅಲ್ವೋ?”

ನೆಸ್ಟರ್ ಕುಲಿಕ್ ರೂಬಿಯ ಕಾಫಿ ಅಂಗಡಿಯಲ್ಲಿ ಕಿಟಕಿ ಪಕ್ಕದ ಮೇಜಿಗೆ ಮೊಣಕೈ ಊರಿ ಈ ಮಾತನ್ನು ಘೋಷಿಸುವಾಗ ಅವನ ಕಣ್ಣು ಕೇಳುವವರ ಮೇಲಿರುತ್ತದೆ, ಮೂಗು ಮಾತ್ರ ಎಡಗಡೆಯ ಗೋಡೆಯನ್ನು ನೋಡುತ್ತಿರುತ್ತದೆ. ಆ ಮೂಗು ಏಳು ಸಲ ಮುರಿದದ್ದು: ಮೂರು ಸಲ ಬಲಕ್ಕೆ, ನಾಲ್ಕು ಸಲ ಎಡಕ್ಕೆ; ಬಹುಮತ ಎಡದ ಕಡೆ ಬಿದ್ದದ್ದರಿಂದ ಅದು ಅಲ್ಲಿಯೇ ಶಾಶ್ವತವಾಗಿ ನೆಲೆಸಿತು. ಜನವರಿಯಲ್ಲಿ ಅವನು ಸೀನಿದರೆ ಎದುರಿಗೆ ಕೂತವರಿಗೆ ಏನೂ ಆಗುವುದಿಲ್ಲ, ಪಕ್ಕದ ಮೇಜಿನವರು ಟೋಪಿ ಸರಿಪಡಿಸಿಕೊಳ್ಳಬೇಕಾಗುತ್ತದೆ. “ಹೌದೋ ಅಲ್ವೋ” ಎಂಬುದು ಅವನ ಮಾತಿನ ಬಾಲ, ಅದು ಪ್ರಶ್ನೆಯಲ್ಲ. ಅದಕ್ಕೆ “ಅಲ್ಲ” ಎಂದು ಉತ್ತರಿಸಿದವರನ್ನು ನಾನು ನೋಡಿದ್ದು ಒಬ್ಬರನ್ನೇ, ಅವರು ರೂಬಿ. ಆಕೆಯ ಕೈಯಲ್ಲಿ ಯಾವಾಗಲೂ ಕುದಿಯುವ ಕಾಫಿಯ ಹೂಜಿ ಇರುವುದರಿಂದ ಆಕೆಗೆ ಧೈರ್ಯ ಹೆಚ್ಚು.

ನೆಸ್ಟರನ ನಡಿಗೆಯನ್ನು ನಡಿಗೆ ಎನ್ನುವುದು ಸೌಜನ್ಯದ ಮಾತು. ಅವನು ಪಾದ ಎತ್ತುವುದಿಲ್ಲ. ಜುಲೈ ತಿಂಗಳ ಬಿಸಿಲಿನಲ್ಲಿ ಗೋಧಿ ಹೊಲದ ಬದುವಿನ ಮೇಲೆ ಹೋಗುವಾಗಲೂ ಕೆಳಗೆ ಮಂಜುಗಡ್ಡೆಯಿದೆಯೆಂಬ ದೃಢವಾದ ನಂಬಿಕೆಯಿಂದ ಒಂದೊಂದೇ ಕಾಲನ್ನು ಓರೆಯಾಗಿ ಮುಂದಕ್ಕೆ ಜಾರಿಸುತ್ತಾನೆ. ಬಾಗಿಲು ಎಷ್ಟೇ ಅಗಲವಿರಲಿ, ಭುಜವನ್ನು ಮುಂದು ಮಾಡಿ, ಅಲ್ಲೊಬ್ಬ ಎದುರಾಳಿ ಅಡಗಿದ್ದಾನೆಂಬಂತೆ ಒಳನುಗ್ಗುತ್ತಾನೆ. ಇಗರ್ಜಿಗೂ ಹಾಗೆಯೇ ಹೋಗುವುದರಿಂದ ಹೊಸದಾಗಿ ಬಂದ ಪಾದ್ರಿಯೊಬ್ಬರು ಮೊದಲ ಭಾನುವಾರ ಎರಡು ಹೆಜ್ಜೆ ಹಿಂದೆ ಸರಿದದ್ದುಂಟು. ಇನ್ನು ಅವನ ಕೋಟು. ಕುರಿಚರ್ಮದ ಆ ಕಂದು ಕೋಟು ಅವನಿಗಿಂತ ಹಳೆಯದು, ಅವನಿಗಿಂತ ಭಾರವಾದದ್ದು, ಮತ್ತು ಅವನು ಸತ್ತ ಮೇಲೂ ಒಬ್ಬಂಟಿಯಾಗಿ ಊರು ಸುತ್ತುವಷ್ಟು ಗಟ್ಟಿಯಾಗಿ ನಿಲ್ಲಬಲ್ಲದ್ದು. ಕಡವೆಯ ಕೊಂಬಿನಲ್ಲಿ ಕೊರೆದ ಅದರ ಗುಂಡಿಗಳಲ್ಲಿ ಎರಡು ಉದುರಿವೆ. ಬಲಜೇಬಿನಲ್ಲಿ ಸೂರ್ಯಕಾಂತಿ ಬೀಜ, ಎಡಜೇಬಿನಲ್ಲಿ ಅದರ ಸಿಪ್ಪೆ. ಈ ಜೇಬುಗಳು ಅದಲುಬದಲಾದ ದಿನ ಅವನ ಜೊತೆ ಮಾತಾಡದಿರುವುದು ಕ್ಷೇಮ.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ನಮ್ಮ ಗೂಸ್ ಹಾಲೋ ಊರಿನ ರಿಂಕಿನಲ್ಲಿ, ಅಂದರೆ ಮಂಜುಗಡ್ಡೆಯ ಮೇಲೆ ಹಾಕಿ ಆಡುವ ಅಂಗಳದಲ್ಲಿ, ತಪ್ಪು ಮಾಡಿದ ಆಟಗಾರರನ್ನು ಎರಡು ನಿಮಿಷವೋ ಐದು ನಿಮಿಷವೋ ಕೂಡಿಹಾಕುವ ಗಾಜಿನ ಗೂಡಿನ ಬಾಗಿಲನ್ನು ಐವತ್ತು ವರ್ಷಗಳಿಂದ ತೆರೆದು ಮುಚ್ಚುತ್ತಿರುವವನು ನಾನೇ. ಅದಕ್ಕೇ ನೆಸ್ಟರ್ ನನ್ನನ್ನು ಕರೆಯುವುದು “ಬಾಗಿಲು” ಎಂದು. ನನ್ನ ಹೆಂಡತಿಯೂ ಈಗ ಹಾಗೆಯೇ ಕರೆಯುತ್ತಾಳೆ. ಆಡುತ್ತಿದ್ದ ಕಾಲದಲ್ಲಿ ನೆಸ್ಟರ್ ಆ ಗೂಡಿನ ಖಾಯಂ ನಿವಾಸಿ. ಅವನ ತಂಡ ಅವನನ್ನು ಇಟ್ಟುಕೊಂಡದ್ದು ಗೋಲು ಹೊಡೆಯಲಿಕ್ಕಲ್ಲ, ಗೋಲು ಹೊಡೆಯುವವರ ಮೈಮುಟ್ಟಿದವರನ್ನು ವಿಚಾರಿಸಿಕೊಳ್ಳಲಿಕ್ಕೆ. ಹನ್ನೆರಡು ವರ್ಷಗಳ ವೃತ್ತಿಯಲ್ಲಿ ಅವನು ಗಳಿಸಿದ್ದು ಒಂಬತ್ತು ಗೋಲು, ಅವುಗಳಲ್ಲಿ ಎರಡು ನಮ್ಮದೇ ಬಲೆಗೆ. ಗೂಡಿನೊಳಗಿನ ಮರದ ಬೆಂಚು ಅವನ ಅಚ್ಚನ್ನು ಎಷ್ಟು ಚೆನ್ನಾಗಿ ಹಿಡಿದಿತ್ತೆಂದರೆ ಅವನು ನಿವೃತ್ತನಾದ ಮೇಲೆ ಅಲ್ಲಿ ಕೂತ ಸಣ್ಣ ಗಾತ್ರದ ಆಟಗಾರರನ್ನು ನಾನು ಕೈಹಿಡಿದು ಎತ್ತಿ ಹೊರಗೆ ತೆಗೆಯಬೇಕಾಗುತ್ತಿತ್ತು.

ಇಂಥವನನ್ನು ಏಳು ಊರುಗಳ ನಮ್ಮ ಪುಟ್ಟ ವೃತ್ತಿಪರ ಲೀಗಿನವರು ಶಿಸ್ತಿನ ಅಧಿಕಾರಿಯಾಗಿ ನೇಮಿಸಿದಾಗ, ಆಟದಲ್ಲಿ ಮಿತಿಮೀರಿ ಹೊಡೆದವನಿಗೆ ಎಷ್ಟು ಪಂದ್ಯ ನಿಷೇಧವೆಂದು ತೀರ್ಮಾನಿಸುವ ಏಕಸದಸ್ಯ ಪೀಠವನ್ನು ಅವನ ಹೆಗಲಿಗೇರಿಸಿದಾಗ, ಊರು ನಕ್ಕಿತು. ಅವನು ನಗಲಿಲ್ಲ. ಹೊಡೆತದ ಚಿತ್ರಣವನ್ನು ಟೀವಿಯಲ್ಲಿ ಹಾಕಿಕೊಂಡು, ಸದ್ದು ಪೂರ್ತಿ ಅಡಗಿಸಿ, ನಿಂತುಕೊಂಡೇ ನೋಡುವುದು ಅವನ ಪದ್ಧತಿ. ಸದ್ದಿದ್ದರೆ ಜನರ ಕೂಗು ತೀರ್ಪಿನೊಳಗೆ ನುಸುಳುತ್ತದೆಂದು ಅವನ ವಾದ. ನಿಧಾನಗತಿಯಲ್ಲಂತೂ ಎಂದೂ ನೋಡುವುದಿಲ್ಲ. ನಿಧಾನವಾಗಿ ತೋರಿಸಿದರೆ ತಾಯಿ ಮಗುವಿನ ಕೆನ್ನೆ ಒರೆಸುವುದೂ ಕೊಲೆಯತ್ನದ ಹಾಗೆ ಕಾಣುತ್ತದಂತೆ. ತೀರ್ಪು ಕೊಡುವುದು ಬೆಳಿಗ್ಗೆ ಆರು ಗಂಟೆಗೆ, ಖಾಲಿ ಹೊಟ್ಟೆಯಲ್ಲಿ. ಬೆಣ್ಣೆಯಲ್ಲಿ ಈರುಳ್ಳಿ ಹುರಿದು ಸುರಿದ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬುಗಳು ಒಳಗಿಳಿದ ಮೇಲೆ ತನ್ನಷ್ಟು ಕರುಣಾಳು ಈ ಪ್ರಾಂತದಲ್ಲೇ ಇಲ್ಲವೆಂಬುದು ಅವನಿಗೆ ತಿಳಿದಿತ್ತು.

ಶಿಕ್ಷೆ ಸಾಕೇ, ಸಾಲದೇ ಎಂಬ ಚರ್ಚೆ ರೂಬಿಯ ಅಂಗಡಿಯಲ್ಲಿ ಹಬೆಯಷ್ಟೇ ಹಳೆಯದು. ಹಿಂದಿನ ಅಧಿಕಾರಿಗಳು ಎರಡು ಪಂದ್ಯ, ಮೂರು ಪಂದ್ಯ, ಯಾರದಾದರೂ ದವಡೆ ಎರಡು ತುಂಡಾದರೆ ಐದು ಪಂದ್ಯ ಎಂದು ಹಂಚಿ ಕೈ ತೊಳೆದುಕೊಳ್ಳುತ್ತಿದ್ದರು.

“ಮದುವೆಯಾದ ದಿನ ಮರೆತ ನನ್ನ ಗಂಡನಿಗೇ ನಾನು ಹತ್ತು ಪಂದ್ಯ ಕೊಟ್ಟಿದ್ದೆ” ಎಂದು ರೂಬಿ ಒಮ್ಮೆ ಹೂಜಿಯನ್ನು ಮೇಜಿನ ಮೇಲೆ ಕುಕ್ಕಿದಳು. “ನೀವುಗಳು ಮನುಷ್ಯನ ತಲೆ ಒಡೆದವನಿಗೆ ಮೂರು ಕೊಡ್ತೀರಲ್ಲ, ಅದು ಶಿಕ್ಷೆನಾ ರಜಾನಾ?”

ನೆಸ್ಟರ್ ಬಹಳ ಹೊತ್ತು ಬೀಜ ಕಚ್ಚಿದ. ಅವನು ಯೋಚಿಸುತ್ತಿದ್ದದ್ದು ಯಾರ ಬಗ್ಗೆಯೆಂದು ನನಗೆ ಗೊತ್ತಿತ್ತು.

ನಾನು ಬಾಗಿಲಿಗೆ ಸೇರಿದ ಮೊದಲ ಚಳಿಗಾಲ ಅದು. ಎದುರಾಳಿ ತಂಡದಲ್ಲಿ ಎಲ್ಮರ್ ಸ್ಕೋಗ್ ಎಂಬ ಹಗುರ ಮೈಯ, ಹಾಡಿನ ಹಾಗೆ ಜಾರುವ ಆಟಗಾರನಿದ್ದ. ಪಕ್, ಅಂದರೆ ಆಟದ ರಬ್ಬರ್ ಬಿಲ್ಲೆ, ಅವನ ಬಳಿಯಿಂದ ಹೋಗಿ ಎರಡು ಉಸಿರಿನಷ್ಟು ಕಾಲವಾಗಿದ್ದರೂ ನೆಸ್ಟರ್ ತನ್ನ ಮೊಣಕೈಯನ್ನು ಅವನ ಕಿವಿಯ ಹಿಂದೆ ನೆಟ್ಟ. ಎಲ್ಮರ್ ಬಿದ್ದ ಸದ್ದು ನನಗೆ ಗಾಜಿನ ಈಚೆಗೂ ಕೇಳಿಸಿತು. ನೆಸ್ಟರನಿಗೆ ಸಿಕ್ಕಿದ್ದು ಎರಡು ಪಂದ್ಯದ ನಿಷೇಧ. ಎಲ್ಮರ್ ಮತ್ತೆ ಸ್ಕೇಟು ಕಟ್ಟಲಿಲ್ಲ. ಬೆಳಕು ಕಂಡರೆ ತಲೆ ಸಿಡಿಯುತ್ತದೆಂದು ಪರದೆ ಎಳೆದುಕೊಂಡ ಮನೆಯಲ್ಲಿ, ಗಡಿಯಾರ ರಿಪೇರಿ ಮಾಡಿಕೊಂಡು ನಮ್ಮೂರಿನಲ್ಲೇ ಉಳಿದ. ಆಟ ಬಿಟ್ಟ ವರ್ಷ ನೆಸ್ಟರ್ ಮೊದಲ ಹಿಮ ಬಿದ್ದ ಬೆಳಿಗ್ಗೆ ಸಲಿಕೆ ಹಿಡಿದು ಹೋಗಿ ಎಲ್ಮರನ ಮನೆಯ ಮುಂದಿನ ಹಾದಿಯ ಹಿಮ ಬಳಿದು ಬಂದ. ಅಂದಿನಿಂದ ಪ್ರತಿ ಹಿಮಪಾತದ ನಂತರವೂ, ತನ್ನ ಮನೆಯ ಬಾಗಿಲು ಹೂತುಹೋಗಿದ್ದರೂ, ಮೊದಲು ಅಲ್ಲಿಗೆ. ಇಬ್ಬರೂ ಮಾತಾಡಿದ್ದನ್ನು ನಾನು ಕಂಡಿಲ್ಲ. ಪರದೆಯ ಸಂದಿಯಿಂದ ಒಂದು ಕೈ ಕಾಣುತ್ತಿತ್ತು, ಬೆರಳು ಒಮ್ಮೆ ಅಲುಗುತ್ತಿತ್ತು, ಅಷ್ಟೇ.

ಅಂದು ರೂಬಿಯ ಮೇಜಿನಲ್ಲಿ ಬೀಜ ಮುಗಿದ ಮೇಲೆ ನೆಸ್ಟರ್ ಹೇಳಿದ: “ಎರಡು, ಮೂರು, ಐದು ಅಂತ ಅಂದಾಜು ಹಾಕೋದ್ಯಾಕೆ? ಬಿದ್ದವನು ಮತ್ತೆ ಆಟಕ್ಕಿಳಿಯೋ ತನಕ ಬೀಳಿಸಿದವನೂ ಕೂತಿರಲಿ. ಅವನು ಇಳಿದ ದಿನ ಇವನೂ ಇಳೀಲಿ. ಹೌದೋ ಅಲ್ವೋ?”

“ಅಲ್ಲ” ಎಂದಳು ರೂಬಿ. “ಏಟು ತಿಂದವನು ಸುಳ್ಳು ಹೇಳಿದ್ರೆ?”

ಆಗ ಹುಟ್ಟಿದ್ದೇ ಮೇಲಿನ ಘೋಷಣೆ: ಏಟು ತಿಂದ ತಲೆ, ರಿಂಕಿನ ಆಚೆ ತುದಿ ಇತ್ಯಾದಿ. ತಂಡಗಳ ಯಜಮಾನರು ಗೊಣಗಿದರು, ಕಡೆಗೆ ಒಪ್ಪಿದರು. ಆ ವರ್ಷ ನಮ್ಮ ಲೀಗಿನಲ್ಲಿ ಮೊಣಕೈಗಳು ಎಷ್ಟು ವಿನಯದಿಂದ ವರ್ತಿಸಿದವೆಂದರೆ ಎರಡು ತಂಡದವರು ಹಲಗೆ ಗೋಡೆಯ ಬಳಿ “ಮೊದಲು ನೀವು”, “ಇಲ್ಲ, ನೀವೇ” ಎಂದು ನಿಂತು ಪಕ್ಕನ್ನು ಅಲ್ಲಿಯೇ ಹೆಪ್ಪುಗಟ್ಟಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾಲ್ಕು ವರ್ಷದ ಹಿಂದಿನ ಜನವರಿ. ನಮ್ಮ ತಂಡದ ಡಾರ್ಸಿ ಮಕಿನ್ನನ್ ಹಲಗೆಯ ಬಳಿ ತಲೆ ತಗ್ಗಿಸಿ ಪಕ್ ಹುಡುಕುತ್ತಿದ್ದಾಗ ಬರ್ಡಾಕ್ ತಂಡದ ಲಾರ್ನ್ ಪೆಟ್ರಾಶ್ ಹಿಂದಿನಿಂದ ಬಂದು ಗುದ್ದಿದ. ಡಾರ್ಸಿ ಗಾಜಿಗೆ ಬಡಿದು ಕುಸಿದ. ಸುತ್ತ ನಿಂತವರು ಕೈಗವಸು ಎಸೆದು ಲಾರ್ನ್‌ನ ಮೇಲೆ ಬೀಳುವ ಮೊದಲೇ ಅವನು ಮಂಡಿಯೂರಿ “ಭಾವ, ಭಾವ” ಎಂದು ಕರೆಯುತ್ತಿದ್ದ. ಡಾರ್ಸಿ ಅವನ ಅಕ್ಕ ಮಾರ್ಲಾಳ ಗಂಡ.

ಮರುದಿನ ಬೆಳಿಗ್ಗೆ ಆರಕ್ಕೆ ನೆಸ್ಟರ್ ಲಾರ್ನ್‌ಗೆ ಫೋನು ಮಾಡಿದಾಗ ನಾನು ಅವನ ಅಡಿಗೆಮನೆಯಲ್ಲಿ ಕೂತಿದ್ದೆ.

“ನೋಡಿದ್ಯಾ ಅವನು ಬೆನ್ನು ತಿರುಗಿಸಿದ್ದನ್ನ?” ಎಂದು ಕೇಳಿದ ನೆಸ್ಟರ್.

“ನೋಡ್ದೆ ತಾತ” ಎಂದಿತು ಫೋನಿನ ಆ ಕಡೆಯ ದನಿ. “ನಿಲ್ಲಬಹುದಾಗಿತ್ತು. ನಿಲ್ಲಲಿಲ್ಲ.”

“ನಿಯಮ ಗೊತ್ತಲ್ಲ.”

“ಗೊತ್ತು. ಭಾವ ಎದ್ದ ದಿನ.”

ಎಲ್ಲರ ಎದೆಯಲ್ಲೂ ಒಂದು ದಿನಾಂಕ ಕೂತಿತ್ತು. ಫೆಬ್ರವರಿಯ ಎರಡನೆಯ ಶನಿವಾರ ಮಧ್ಯಾಹ್ನ ಬರ್ಡಾಕ್ ತಂಡ ನಮ್ಮ ರಿಂಕಿಗೆ ಬರುವುದಿತ್ತು, ಮತ್ತು ಅದೇ ಪಂದ್ಯಕ್ಕೆ ದೊಡ್ಡ ಲೀಗಿನ ಒಬ್ಬ ಆಯ್ಕೆಗಾರ, ಬೇರೆ ಯಾರನ್ನೂ ಅಲ್ಲ, ಲಾರ್ನ್‌ನನ್ನೇ ನೋಡಲು ಬರುವವನಿದ್ದ. ಲಾರ್ನ್‌ಗೆ ಇಪ್ಪತ್ತೇಳು ವರ್ಷ. ಆ ವಯಸ್ಸಿನವನನ್ನು ದೊಡ್ಡ ಲೀಗಿನವರು ನೋಡಲು ಬರುವುದು ಒಂದೇ ಸಲ, ಅದೂ ದಾರಿ ತಪ್ಪಿದರೆ. ಮಾರ್ಲಾಳ ಮನೆಯ ಊಟದ ಮೇಜಿನಲ್ಲಿ ಈ ಮಾತನ್ನು ಯಾರೂ ಎತ್ತಲಿಲ್ಲವಂತೆ. ಯಾರೂ ಎತ್ತಲಿಲ್ಲವೆಂಬುದೇ ಡಾರ್ಸಿಗೆ ದಿನವೂ ಕೇಳಿಸುತ್ತಿತ್ತಂತೆ.

ಆ ಶನಿವಾರಕ್ಕೆ ಆರು ದಿನ ಮೊದಲು ಡಾರ್ಸಿ ತಲೆ ಪೂರ್ತಿ ಸರಿಹೋಗಿದೆಯೆಂದು ತಂಡದ ವೈದ್ಯರ ಬಳಿ ಹೋದ. ನಮ್ಮಲ್ಲಿ ಸೆಪ್ಟೆಂಬರಿನಲ್ಲಿ ಋತು ಆರಂಭವಾಗುವ ಮೊದಲೇ ಪ್ರತಿ ಆಟಗಾರನಿಗೂ ಒಂದು ನೆನಪಿನ ಪರೀಕ್ಷೆ ಇರುತ್ತದೆ: ಹನ್ನೆರಡು ಪದ ಓದಿ ಹೇಳುತ್ತಾರೆ, ಸ್ವಲ್ಪ ಹೊತ್ತಿನ ಮೇಲೆ ಒಪ್ಪಿಸಬೇಕು, ತಿಂಗಳುಗಳನ್ನು ಹಿಂದುಮುಂದಾಗಿ ಹೇಳಬೇಕು, ಒಂಟಿಕಾಲಲ್ಲಿ ನಿಲ್ಲಬೇಕು. ಮುಂದೆ ತಲೆಗೆ ಪೆಟ್ಟಾದಾಗ ಅದೇ ಪರೀಕ್ಷೆ ಮತ್ತೆ ಮಾಡಿ, ಫಲಿತಾಂಶ ಸೆಪ್ಟೆಂಬರಿನಷ್ಟೇ ಬಂದರೆ ಮಿದುಳು ಮೊದಲಿನಂತಾಗಿದೆ ಎಂದರ್ಥ. ಡಾರ್ಸಿಯ ಫಲಿತಾಂಶ ಸೆಪ್ಟೆಂಬರಿನಷ್ಟೇ ಬಂತು. ವೈದ್ಯರು ಸಹಿ ಮಾಡಿದರು.

ನೆಸ್ಟರ್ ಅಷ್ಟಕ್ಕೆ ತೃಪ್ತನಾಗದೆ ಡಾರ್ಸಿಯನ್ನು ರೂಬಿಯ ಅಂಗಡಿಗೆ ಕರೆಸಿ ತನ್ನದೇ ಪರೀಕ್ಷೆಯನ್ನೂ ಮಾಡಿದ. ಕಿಟಕಿಯ ಬೆಳಕಿಗೆ ಮುಖ ಮಾಡಿ ನಿಲ್ಲಿಸಿದ, ಕಣ್ಣಲ್ಲಿ ಕಣ್ಣಿಟ್ಟು ನೋಡಿದ, ಕಡೆಗೆ ಒಂದು ಸೂರ್ಯಕಾಂತಿ ಬೀಜ ಕೊಟ್ಟು ಆರು ಅಡಿ ದೂರದ ಖಾಲಿ ಲೋಟ ತೋರಿಸಿದ. ತಲೆ ನೆಟ್ಟಗಿಲ್ಲದವನು ಸಿಪ್ಪೆಯನ್ನು ನೇರವಾಗಿ ಉಗುಳಲಾರನೆಂಬುದು ಅವನ ವೈದ್ಯಶಾಸ್ತ್ರದ ಮೂಲಸೂತ್ರ. ಡಾರ್ಸಿ ಬೀಜ ಸೀಳಿ, ನಕ್ಕು, ಸಿಪ್ಪೆಯನ್ನು ಲೋಟದ ನಡುಮಧ್ಯಕ್ಕೆ ಹಾರಿಸಿದ.

“ನೋಡಿದ್ಯಾ ಬಾಗಿಲು?” ಎಂದ ನೆಸ್ಟರ್, ಲಾರ್ನ್‌ನ ಬಿಡುಗಡೆಯ ಕಾಗದಕ್ಕೆ ಸಹಿ ಹಾಕುತ್ತ. “ಕಣ್ಣು ಅಂದ್ರೆ ಇದು. ವೈದ್ಯರಿಗೆ ಯಂತ್ರ ಬೇಕು, ನನಗೆ ಬೀಜ ಸಾಕು.”

ಹಾಕಿ ಆಡುವವರ ಮೂಢನಂಬಿಕೆಗಳನ್ನು ಬರೆಯಹೊರಟರೆ ಕೆನಡಾದ ಕಾಡು ಕಡಿದು ಕಾಗದ ಮಾಡಿದರೂ ಸಾಲದು. ಒಬ್ಬ ಗೆದ್ದ ದಿನದ ಕಾಲುಚೀಲವನ್ನು ಸೋಲುವ ತನಕ ಒಗೆಯುವುದಿಲ್ಲ. ನಾವು ಹದಿಮೂರು ಪಂದ್ಯ ಸತತವಾಗಿ ಗೆದ್ದ ವರ್ಷ ಎದುರಾಳಿಗಳು ಆ ಕಾಲುಚೀಲದಿಂದಲೇ ಸೋತರೆಂದು ಹೇಳುವವರಿದ್ದಾರೆ. ಡಾರ್ಸಿಯದು ಎಡಗಾಲು. ಎಡಗಾಲಿನ ಸ್ಕೇಟು ಮೊದಲು, ಬಲಗಾಲಿನದು ಆಮೇಲೆ, ಹದಿನೆಂಟು ವರ್ಷದಿಂದ ತಪ್ಪಿಲ್ಲ. ಒಮ್ಮೆ ಬರ್ಡಾಕಿನ ರಿಂಕಿನಲ್ಲಿ ಬೆಂಕಿಯ ಗಂಟೆ ಹೊಡೆದಾಗ ಗಾಬರಿಯಲ್ಲಿ ಬಲಗಾಲನ್ನು ಮೊದಲು ತೂರಿಸಿದ್ದನಂತೆ. ಎಲ್ಲರೂ ಹೊರಗೋಡಿದ ಮೇಲೆ ಹೊಗೆಯಲ್ಲಿ ಒಬ್ಬನೇ ಕೂತು, ಸ್ಕೇಟು, ಕಾಲುಚೀಲ, ಮಂಡಿಕವಚ ಎಲ್ಲ ಬಿಚ್ಚಿ, ಎಡದಿಂದ ಹೊಸದಾಗಿ ಶುರು ಮಾಡಿದನಂತೆ.

ಆ ಶನಿವಾರ ಬೆಳಿಗ್ಗೆ ಹೊರಗೆ ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿನ ಚಳಿ. ಎಂಜಿನ್ ಹೆಪ್ಪುಗಟ್ಟದಿರಲೆಂದು ಕಾರುಗಳೆಲ್ಲ ಮೂತಿಯಿಂದ ತಂತಿ ಇಳಿಬಿಟ್ಟುಕೊಂಡು ವಿದ್ಯುತ್ ಕುಡಿಯುತ್ತ ನಿಂತಿದ್ದವು. ಆಟಗಾರರು ಉಡುಪು ತೊಡುವ ಕೋಣೆಗೆ ನಾನು ಹೆಸರಿನ ಪಟ್ಟಿ ತರಲು ಹೋದೆ, ನೆಸ್ಟರ್ ಬಾಗಿಲನ್ನು ಭುಜದಿಂದ ಗುದ್ದಿ ನನ್ನ ಹಿಂದೆ ಬಂದ. ಡಾರ್ಸಿ ತನ್ನ ಜಾಗದಲ್ಲಿ ತಲೆ ಬಗ್ಗಿಸಿ ಲೇಸು ಎಳೆಯುತ್ತಿದ್ದ. ಪಕ್ಕದಲ್ಲಿ ಎಡ ಸ್ಕೇಟು ಹಾಗೇ ಬಿದ್ದಿತ್ತು.

ನೆಸ್ಟರನ ದವಡೆ ನಿಂತಿತು. ಬೀಜ ಕಚ್ಚುವುದನ್ನು ಅವನು ಮಧ್ಯದಲ್ಲಿ ನಿಲ್ಲಿಸಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

“ಡಾರ್ಸಿ, ಕಾಲು ನೋಡ್ಕೋ.”

“ಏನಾಗಿದೆ ತಾತ? ಲೇಸು ಹೊಸದು.”

“ಯಾವ ಕಾಲು ಅದು?”

ಡಾರ್ಸಿ ನೋಡಿದ. ನೋಡುತ್ತಲೇ ಇದ್ದ. ಕಾಲನ್ನು ನೋಡುತ್ತಿದ್ದ ಅವನ ಮುಖ, ಪರಿಚಯದ ಬೀದಿಯಲ್ಲಿ ಮನೆ ಸಿಗದವನ ಮುಖದ ಹಾಗಿತ್ತು.

“ತಲೆನೋವು ನಿಂತಿದ್ಯಾ?” ಎಂದು ನೆಸ್ಟರ್ ಮೆಲ್ಲಗೆ ಕೇಳಿದ.

“ನಿಂತಿಲ್ಲ.” ದನಿ ನೆಲಕ್ಕೆ ಬಿತ್ತು. “ದಿನಾ ಸ್ವಲ್ಪ ಜಾಸ್ತಿನೇ ಆಗ್ತಿದೆ. ಬೆಳಕು ಚುಚ್ಚತ್ತೆ. ಮಾರ್ಲಾಗೆ ಹೇಳ್ಬೇಡಿ.”

“ವೈದ್ಯರ ಪರೀಕ್ಷೆ ಹೇಗೆ ದಾಟಿದೆ?”

“ಎಲ್ಲರೂ ಮಾಡೋದನ್ನೇ ನಾನೂ ಮಾಡಿದ್ದು. ಸೆಪ್ಟೆಂಬರಲ್ಲಿ ಹನ್ನೆರಡು ಪದದಲ್ಲಿ ಐದು ಹೇಳಿ ಏಳು ನುಂಗಿದ್ದೆ, ಮುಂದೆ ಏಟು ಬಿದ್ರೂ ಆಟಕ್ಕೆ ತೊಂದ್ರೆ ಆಗ್ಬಾರ್ದು ಅಂತ.” ಅವನು ತಲೆ ಎತ್ತಿದ. “ಈಗ ನಿಜವಾಗ್ಲೂ ಐದೇ ನೆನಪಿರೋದು ತಾತ.”

ಕೋಣೆಯಲ್ಲಿದ್ದ ಇಪ್ಪತ್ತು ಮಂದಿ ಇಪ್ಪತ್ತು ಬೇರೆ ಬೇರೆ ಮೂಲೆಗಳನ್ನು ನೋಡಿದರು. ಪ್ರತಿಯೊಬ್ಬರೂ ಸೆಪ್ಟೆಂಬರಿನಲ್ಲಿ ಏಳೆಂಟು ಪದ ನುಂಗಿದವರೇ. ಆದರೆ ಆ ಕ್ಷಣ ಅಲ್ಲಿ ಅತ್ಯಂತ ಸಣ್ಣಗಾಗಿದ್ದವನು ನೆಸ್ಟರ್. ಏಕೆಂದರೆ ಈ ವಿದ್ಯೆಯ ಆದಿಗುರು ಅವನೇ. ಅವನ ಕಾಲದಲ್ಲಿ ಪರೀಕ್ಷೆಯೆಂದರೆ ವೈದ್ಯರು ಬೆರಳು ತೋರಿಸಿ ಎಷ್ಟು ಎಂದು ಕೇಳುವುದಿತ್ತು. ಉತ್ತರ ಯಾವಾಗಲೂ ಎರಡೆಂದು ಕಂಡುಹಿಡಿದು ಇಡೀ ತಂಡಕ್ಕೆ ಬಾಯಿಪಾಠ ಮಾಡಿಸಿದ್ದವನು ಅವನು. ಜಗತ್ತಿನ ಸುಳ್ಳನ್ನೆಲ್ಲ ರಿಂಕಿನ ಆಚೆ ತುದಿಯಿಂದ ಗುರುತಿಸುವ ಕಣ್ಣು, ಮೂರು ಅಡಿ ದೂರದಲ್ಲಿ, ತನ್ನದೇ ಸುಳ್ಳಿಗೆ ಮೋಸಹೋಗಿತ್ತು.

“ನಗರದ ಆಸ್ಪತ್ರೆಗೆ ಹೊರಡು” ಎಂದ ನೆಸ್ಟರ್.

“ನಾನು ಇಳೀದಿದ್ರೆ ಲಾರ್ನ್ ಇಳಿಯೋ ಹಾಗಿಲ್ಲ. ನಿಮ್ಮದೇ ನಿಯಮ. ಇವತ್ತು ಬಿಟ್ರೆ ಅವನಿಗೆ ಇನ್ನೊಂದು ದಿನ ಇಲ್ಲ.” ಡಾರ್ಸಿ ಎದ್ದುನಿಂತ, ನಿಂತು ಗೋಡೆ ಹಿಡಿದ. “ಒಂದೇ ಒಂದು ಸಲ ಮಂಜಿನ ಮೇಲೆ ಹೋಗಿ ಬಂದ್ಬಿಡ್ತೀನಿ. ವೈದ್ಯರು ಸಹಿ ಮಾಡಿದಾರೆ. ನೀವು ತಡೆಯೋದು ಹೊಡೆದವರನ್ನ, ಹೊಡೆಸ್ಕೊಂಡವರನ್ನಲ್ಲ. ನನ್ನ ತಲೆ, ನನ್ನಿಷ್ಟ.”

ಮಾತು ಸರಿಯಾಗಿತ್ತು. ಏಟು ತಿಂದವನನ್ನು ಆಟದಿಂದ ತಡೆಯುವ ಅಧಿಕಾರ ನೆಸ್ಟರನಿಗೆ ಯಾವ ನಿಯಮದಲ್ಲೂ ಇರಲಿಲ್ಲ. ಅವನು ನನ್ನ ಕಿವಿಯ ಮೇಲಿದ್ದ ಪೆನ್ನನ್ನು ಎಳೆದುಕೊಂಡ, ಕೋಟಿನ ಒಳಜೇಬಿನಿಂದ ನಿಷೇಧದ ಕಾಗದವೊಂದನ್ನು ತೆಗೆದ, ಡಾರ್ಸಿಯ ಬೆಂಚಿನ ಮೇಲೆಯೇ ಇಟ್ಟು ಬರೆಯತೊಡಗಿದ. ಹೊಡೆದವನ ಹೆಸರು ಎಂಬ ಜಾಗದಲ್ಲಿ: ಡಾರ್ಸಿ ಮಕಿನ್ನನ್. ಹೊಡೆಸಿಕೊಂಡವನ ಹೆಸರು: ಡಾರ್ಸಿ ಮಕಿನ್ನನ್. ಅಪರಾಧ: ತಲೆಗೆ ಉದ್ದೇಶಪೂರ್ವಕವಾಗಿ ಗಾಯಮಾಡುವ ಯತ್ನ. ಅವಧಿ: ಸೆಪ್ಟೆಂಬರಿನಲ್ಲಿ ನುಂಗಿದ ಏಳು ಪದಗಳನ್ನೂ ಸೇರಿಸಿ ಹನ್ನೆರಡನ್ನೂ ಒಪ್ಪಿಸುವ ತನಕ.

“ನನ್ನ ಹತ್ರ ಇರೋದು ಇದೊಂದೇ ಸಲಿಕೆ” ಎಂದು ಸಹಿ ಹಾಕಿದ.

ಅಷ್ಟರಲ್ಲಿ ಲಾರ್ನ್ ತನ್ನ ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದನೋ ತಿಳಿಯದು. ಆಯ್ಕೆಗಾರ ಆಗಲೇ ಮೇಲಿನ ಸಾಲಿನಲ್ಲಿ ಬಿಸಿ ಬನ್ನು ತಿನ್ನುತ್ತ ಕೂತಿದ್ದ. ಲಾರ್ನ್ ಚೀಲವನ್ನು ಕೆಳಗಿಟ್ಟ. ಮೂರು ವಾರದಿಂದ ಬಿಗಿಹಿಡಿದಿದ್ದ ಯಾವುದೋ ಹಗ್ಗವನ್ನು ಬಿಟ್ಟವನಂತೆ ಅವನ ಭುಜ ಇಳಿಯಿತು.

“ಭಾವ, ನಾನು ನಿನ್ನ ಒಂದು ಸಲ ಹೊಡೆದೆ. ಎರಡನೇ ಸಲ ನನ್ನ ಕೈಲಿ ಹೊಡೆಸ್ಬೇಡ. ನಡಿ, ಗಾಡಿ ಬಿಸಿಯಾಗಿದೆ.” ಬಗ್ಗಿ ಡಾರ್ಸಿಯ ಬಲಗಾಲಿನ ಲೇಸು ಬಿಚ್ಚಿದವನು ಅವನೇ.

ಮಾರ್ಲಾಳನ್ನೂ ಕೂರಿಸಿಕೊಂಡು ಅವರು ಸಾಸ್ಕಟೂನ್ ನಗರದ ದಾರಿ ಹಿಡಿದರು, ಎರಡೂವರೆ ಗಂಟೆಯ ಪ್ರಯಾಣ. ಇಲ್ಲಿ ಪಂದ್ಯ ನಡೆಯಿತು. ಯಾರು ಗೆದ್ದರೆಂದು ನನ್ನನ್ನು ಕೇಳಬೇಡಿ. ಆ ದಿನ ನಾನು ತಪ್ಪು ಮಾಡದವರಿಗೂ ಬಾಗಿಲು ತೆರೆದೆನಂತೆ. ನೆಸ್ಟರ್ ಗೂಡಿನ ಹಿಂದೆ ನಿಂತು, ಎರಡೂ ಜೇಬಿನ ಬೀಜ ಸಿಪ್ಪೆಗಳನ್ನು ಬೆರೆಸಿ ಅಗಿಯುತ್ತಿದ್ದ. ಕೊನೆಯ ಅವಧಿ ಮುಗಿದು, ಜನ ಏಳುತ್ತಿರುವಾಗ, ಸ್ಕೇಟಿಗೆ ಸಾಣೆ ಹಿಡಿಯುವ ಕಟ್ಟೆಯ ಮೇಲಿದ್ದ ಫೋನು ಹೊಡೆಯಿತು. ನಾನೇ ಎತ್ತಿದೆ. ಮಾರ್ಲಾ.

“ತಲೆಬುರುಡೆ ಒಳಗೆ ಕೂದಲೆಳೆಯಷ್ಟು ರಕ್ತ ಜಿನುಗಿದೆಯಂತೆ” ಎಂದಳು. “ಕತ್ತರಿ ಹಾಕೋದು ಬೇಡವಂತೆ. ತಾನೇ ಕರಗತ್ತಂತೆ, ಸುಮ್ನೆ ಮಲಗಿದ್ರೆ. ಇವತ್ತು ಆಡಿ ಇನ್ನೊಂದು ಏಟು ಬಿದ್ದಿದ್ರೆ ಅಂತ ಕೇಳಿದೆ. ವೈದ್ಯರು ನನ್ನ ಕೈ ತಟ್ಟಿದ್ರು, ಅಷ್ಟೇ.” ಆಮೇಲೆ, “ಲಾರ್ನ್ ಇಲ್ಲೇ ಕೂತು ಅಳ್ತಿದಾನೆ. ಅವನನ್ನ ನೋಡಿ ಇವರು ನಗ್ತಿದಾರೆ. ಇಬ್ಬರಲ್ಲಿ ಪೆಟ್ಟು ಯಾರ ತಲೆಗೆ ಬಿದ್ದಿದ್ದು ಅಂತ ನರ್ಸು ಕೇಳ್ತಿದಾಳೆ.”

ನಾನು ಬಂದು ನೆಸ್ಟರನಿಗೆ ಹೇಳಿದೆ. ಅವನು ಕಾಲು ಜಾರಿಸಿಕೊಂಡು ಗೂಡಿನೊಳಗೆ ಹೋದ, ನಲವತ್ತೆರಡು ವರ್ಷಗಳ ನಂತರ ತನ್ನ ಅಚ್ಚಿನೊಳಗೆ ಕೂತ, ಮುಖವನ್ನು ಕೋಟಿನ ಕಾಲರಿನೊಳಗೆ ಇಳಿಸಿದ.

“ಬಾಗಿಲು, ಮುಚ್ಚು” ಎಂದ.

“ಎಷ್ಟು ನಿಮಿಷ?”

“ಐದು ಹಾಕು. ಬೀಜ ನಂಬಿದ್ದಕ್ಕೆ.”

ನಾನು ಮುಚ್ಚಿದೆ. ಐದು ನಿಮಿಷ ಗಾಜಿಗೆ ಬೆನ್ನು ಕೊಟ್ಟು ನಿಂತೆ. ಎಪ್ಪತ್ತು ಮುಟ್ಟಿದ ಗಂಡಸು ಹಗುರಾಗುವುದನ್ನು ಇನ್ನೊಬ್ಬ ನೋಡಬಾರದು.

ಡಾರ್ಸಿ ಅಕ್ಟೋಬರಿನಲ್ಲಿ ಮರಳಿದ, ಎಡಗಾಲು ಮೊದಲಿಟ್ಟು, ಹನ್ನೆರಡೂ ಪದಗಳನ್ನು ಒಪ್ಪಿಸಿ. ಹದಿಮೂರನೆಯದಾಗಿ ನೆಸ್ಟರನ ಹೆಸರನ್ನೂ ಸೇರಿಸಿದನೆಂದು ವೈದ್ಯರು ಹೇಳುತ್ತಾರೆ. ಅದೇ ಪಂದ್ಯದಲ್ಲಿ ಲಾರ್ನ್ ಕೂಡ ಇಳಿದ. ಆಯ್ಕೆಗಾರ ಮತ್ತೆ ಬರಲಿಲ್ಲ. ಲಾರ್ನ್ ಈಗ ಧಾನ್ಯದ ಗೋದಾಮಿನಲ್ಲಿ ಮೇಲ್ವಿಚಾರಕ, ಭಾನುವಾರಗಳಲ್ಲಿ ಅಕ್ಕನ ಮನೆಯ ಪೆರೋಗಿಗಳ ಮೇಲೆ ಯಾವ ನಿಷೇಧಕ್ಕೂ ಅಂಜದೆ ದಾಳಿ ಮಾಡುತ್ತಾನೆ. ದೊಡ್ಡ ಲೀಗು ತಪ್ಪಿತೆಂದು ಬೇಸರವಿಲ್ಲವೇ ಎಂದು ಒಮ್ಮೆ ಕೇಳಿದೆ. “ಬೇಸರ ಇದೆ” ಎಂದ. “ನಿದ್ದೆನೂ ಇದೆ.”

ಇತ್ತ ಯಜಮಾನರು ಈ ನಿಯಮವೇ ಅಪಾಯವೆಂದು ಅದನ್ನು ಕಿತ್ತೊಗೆಯಲು ಸಭೆ ಕರೆದರು. ನೆಸ್ಟರ್ ಹೋಗಿ, ತಾನು ಮೋಸಹೋದದ್ದನ್ನು ಒಂದು ಅಕ್ಷರ ಬಿಡದೆ ಹೇಳಿ, ನಿಯಮ ಇರಲಿ, ಎರಡು ತಿದ್ದುಪಡಿ ಸಾಕು ಎಂದ. ಒಂದು, ಏಟು ತಿಂದವನನ್ನು ನೋಡುವ ವೈದ್ಯರು ಯಾವ ತಂಡಕ್ಕೂ ಸೇರದ ನಗರದವರಿರಬೇಕು. ಎರಡು, ಸೆಪ್ಟೆಂಬರಿನ ನೆನಪಿನ ಪರೀಕ್ಷೆಯನ್ನು ಪ್ರತಿ ಆಟಗಾರನೂ ತನ್ನ ಅತ್ತೆಯ ಎದುರಿನಲ್ಲಿ ಕೊಡಬೇಕು, ಮದುವೆಯಾಗದವರು ರೂಬಿಯ ಎದುರಿನಲ್ಲಿ. ಆ ಹೆಂಗಸರ ಮುಂದೆ ಬೇಕೆಂದೇ ದಡ್ಡನಾಗುವ ಧೈರ್ಯ ಯಾರಿಗೂ ಬರಲಿಲ್ಲ. ಆ ವರ್ಷ ನಮ್ಮ ಲೀಗಿನ ಸರಾಸರಿ ಬುದ್ಧಿಶಕ್ತಿ ಇದ್ದಕ್ಕಿದ್ದಂತೆ ಇಮ್ಮಡಿಯಾದದ್ದನ್ನು ಕಂಡು ವೈದ್ಯರು ಬೆರಗಾದರು.

ರೂಬಿ ಮಾತ್ರ ಬಿಡಲಿಲ್ಲ. ಇಂದಿಗೂ ಕಾಫಿ ಕೊಡುವಾಗ ಆರು ಅಡಿ ದೂರದಲ್ಲಿ ಒಂದು ಖಾಲಿ ಲೋಟವನ್ನೂ ಇಡುತ್ತಾಳೆ. ನೆಸ್ಟರ್ ಅದನ್ನು ನೋಡದವನಂತೆ ಗೋಡೆ ನೋಡುತ್ತಾನೆ. ಮೂಗು ಆಗಲೇ ಅಲ್ಲಿರುವುದರಿಂದ ಕಣ್ಣಿಗೆ ಹೆಚ್ಚಿನ ಶ್ರಮವಿಲ್ಲ.

ಬಲಿಷ್ಠರಾಗಿದ್ದು, ಒಮ್ಮೆ ಕೈ ಮಿತಿಮೀರಿ, ಆ ಒಂದು ಕ್ಷಣದ ಪಕ್ಕದಲ್ಲೇ ಉಳಿದ ಬದುಕಿನ ಬಿಡಾರ ಹೂಡಿದ ಇಂಥ ಜನ ಪ್ರತಿ ಊರಿನಲ್ಲೂ ಇರುತ್ತಾರೆಂದು ನನಗೆ ಅನ್ನಿಸುತ್ತದೆ. ಅವರು ಕ್ಷಮೆ ಕೇಳುವುದಿಲ್ಲ, ಏಕೆಂದರೆ ಕೇಳಿದರೆ ಕೊಟ್ಟುಬಿಟ್ಟಾರೆಂಬ ಭಯ. ತಪ್ಪನ್ನು ಮರೆಯುವುದಿಲ್ಲ, ಏಕೆಂದರೆ ಅವರಲ್ಲಿರುವ ಒಳ್ಳೆಯದೆಲ್ಲ ಅದರ ಸುತ್ತಲೇ ಬೆಳೆದಿರುತ್ತದೆ. ನ್ಯಾಯಪೀಠದಲ್ಲಿ ಕೂರಲು ತಪ್ಪೇ ಮಾಡದವರು ಯೋಗ್ಯರೆಂದು ನಾವು ತಿಳಿಯುತ್ತೇವೆ. ನನಗಂತೂ ತನ್ನ ಶಿಕ್ಷೆ ಸಾಲದೆಂದು ತನಗೇ ಗೊತ್ತಿರುವವನ ಕೈಯಲ್ಲಿ ನನ್ನ ತಲೆಯನ್ನು ಇಡುವುದು ಹೆಚ್ಚು ಕ್ಷೇಮವೆನಿಸುತ್ತದೆ, ಅವನು ಬೀಜದ ಪರೀಕ್ಷೆಯನ್ನು ಕೈಬಿಟ್ಟರೆ.

ಮೊನ್ನೆ ಬೆಳಿಗ್ಗೆ ಮಂಡಿಯುದ್ದ ಹಿಮ ಬಿದ್ದಿತ್ತು. ನಾನು ಹೋಗುವಾಗ ನೆಸ್ಟರ್ ಎಲ್ಮರನ ಮನೆಯ ಹಾದಿಯಲ್ಲಿ ಅರ್ಧ ಬಳಿದು ಮುಗಿಸಿ, ಸಲಿಕೆಗೆ ಒರಗಿ ಏದುಸಿರು ಬಿಡುತ್ತಿದ್ದ. ಎಪ್ಪತ್ತನಾಲ್ಕು ವರ್ಷ, ಕೋಟು ನಿಂತಿತ್ತು, ಅದರೊಳಗೆ ಅವನು ಸ್ವಲ್ಪ ಬಾಗಿದ್ದ. ಪರದೆಯ ಸಂದಿಯಲ್ಲಿ ಎಲ್ಮರನ ಕೈ ಕಾಣುತ್ತಿತ್ತು.

“ಸಾಕು ಮಾಡಯ್ಯ” ಎಂದೆ. “ನಿನಗೆ ಹಾಕಿದ್ದು ಎರಡೇ ಪಂದ್ಯ. ಅದು ಮುಗಿದು ಐವತ್ತು ವರ್ಷ ಆಯ್ತು. ಇನ್ನೂ ಎಷ್ಟು ದಿನ?”

ನೆಸ್ಟರ್ ಅಂಗೈಗೆ ಉಗುಳಿಕೊಂಡು ಸಲಿಕೆಯನ್ನು ಮತ್ತೆ ಹಿಮಕ್ಕೆ ಇಳಿಸಿದ.

“ಎಲ್ಮರ್ ಇನ್ನೂ ಆಟಕ್ಕಿಳಿದಿಲ್ಲವಲ್ಲಯ್ಯ” ಎಂದ. “ಹೌದೋ ಅಲ್ವೋ?”